ಮಾದಪ್ಪನಿಗೆ ಬಿಟ್ಟ ಮೊಟ್ಟೆ

ಮೊಟ್ಟೆ ತಿನ್ನುವುದು ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನ ವಯಸ್ಸಿನ ಹೆಂಗಸರು ಯೋಚನೆ ಮಾಡಿದವರಲ್ಲ. ಕೋಳಿ ಇಟ್ಟರೆ ತಿಂದೆವು, ಕಾವಿಗೆ ಕೂತರೆ ಬಿಟ್ಟೆವು. ಆ ಪ್ರಶ್ನೆ ನಮ್ಮ ಮನೆಯೊಳಗೆ ಕಾಲಿಟ್ಟದ್ದು ಹೋದ ವರ್ಷ, ನನ್ನ ಗಂಡನ ಎದೆನೋವಿನ ಬೆನ್ನಿಗೇ. ಬಂದದ್ದು ಸುಮ್ಮನೆ ಹೋಗಲಿಲ್ಲ. ಮುದುಕನ ಜೀವವನ್ನೇ ಹಿಡಿದುಕೊಂಡು ಕೂತಿತು. ಅದನ್ನು ಹೇಗೆ ಎಬ್ಬಿಸಿ ಆಚೆಗೆ ಕಳಿಸಿದೆ ಅನ್ನುವುದನ್ನು ಬರೆಯುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ನಮ್ಮದು ಮಾರಂಡಹಳ್ಳಿಯಿಂದ ಸ್ವಲ್ಪ ಒಳಗಿರುವ ಊರು. ರಾಗಿ, ಟೊಮ್ಯಾಟೊ, ಬೀನ್ಸು, ಕೊಟ್ಟಿಗೆಯಲ್ಲಿ ಹಸು, ಮಂಕರಿ ಕೆಳಗೆ ನಾಟಿ ಕೋಳಿ. ನನ್ನ ಗಂಡ ವಯಸ್ಸಿನಲ್ಲಿ ಇದನ್ನೆಲ್ಲ ನನ್ನ ತಲೆಗೆ ಕಟ್ಟಿ, ಶಂಕಗಿರಿಯ ಒಬ್ಬ ಓನರ್ ಹತ್ತಿರ ಲಾರಿ ಓಡಿಸುತ್ತಿದ್ದ. ಬಹಳ ಕಾಲ ನಾಮಕ್ಕಲ್‌ನಿಂದ ಕೇರಳಕ್ಕೆ ಮೊಟ್ಟೆ ಲೋಡು. ಮೊಟ್ಟೆ ಲೋಡು ಓಡಿಸುವವನು ಮದುವಣಗಿತ್ತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡವನ ಹಾಗೆ ಓಡಿಸಬೇಕು ಅನ್ನುತ್ತಿದ್ದ. ನನ್ನನ್ನು ಮದುವೆಯಾಗಿ ಕರೆತಂದದ್ದು ಮಾತ್ರ ಮರಳು ಲಾರಿಯಲ್ಲಿ.

ಒಡೆದ ಮೊಟ್ಟೆ ಬಿಸಿಲಿಗೆ ನಾರುವ ಲಾರಿಯಲ್ಲಿ ಮಲಗಿ ಎದ್ದವನಿಗೆ ಮೊಟ್ಟೆಯ ಮೇಲೆ ಅಂಥಾ ಆಸೆ ಏನಿರಲಿಲ್ಲ. ತಟ್ಟೆಗೆ ಬಂದರೆ ತಿನ್ನುತ್ತಿದ್ದ, ಬರದಿದ್ದರೆ ಕೇಳುತ್ತಿರಲಿಲ್ಲ. ಆಸೆ ಇದ್ದದ್ದೆಲ್ಲ ಬೀಡಿಯ ಮೇಲೆ. ಲಾರಿ ಬಿಟ್ಟು ಊರಿಗೆ ಬಂದು ಕೂತ ಮೇಲೂ ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟು ಇಲ್ಲದ ದಿನ ಇಲ್ಲ. ನಾನು ಬೈದೆ, ಸೊಸೆ ಮೂಗು ಮುಚ್ಚಿಕೊಂಡಳು. ಅವನು ಕೊಟ್ಟಿಗೆಯ ಹಿಂದಕ್ಕೆ ಹೋಗಿ ಸೇದಿದ.

ಹೋದ ವರ್ಷ ಟೊಮ್ಯಾಟೊ ಕೀಳುವ ದಿನ ಕ್ರೇಟಿನ ಮೇಲೆ ಕೈಯೂರಿ ಹಾಗೇ ಕೂತುಬಿಟ್ಟ. ಮೈಯೆಲ್ಲ ಬೆವರು. ಸೊಸೆ ಆಂಬುಲೆನ್ಸಿಗೆ ಫೋನು ಮಾಡಿದಳು. ಧರ್ಮಪುರಿಗೆ ಹೋದೆವು, ಅಲ್ಲಿಂದ ಸೇಲಂಗೆ ಕಳಿಸಿದರು. ಎದೆಯ ರಕ್ತನಾಳದೊಳಗೆ ಸ್ಪ್ರಿಂಗಿನಂಥದ್ದೇನೋ ಇಟ್ಟರು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ತಮಿಳಿನಲ್ಲಿ ಬಿಡಿಸಿ ಬಿಡಿಸಿ ಹೇಳಿದಳು. ಮೊದಲು ಬೀಡಿ ಬಿಡಬೇಕು. ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಎಣ್ಣೆ, ಉಪ್ಪು ಕಡಿಮೆ ಮಾಡಬೇಕು. ದಿನಾ ನಡೆಯಬೇಕು. ಮೊಟ್ಟೆ ಅನ್ನುವ ಮಾತು ಆಕೆಯ ಬಾಯಲ್ಲಿ ಬರಲೇ ಇಲ್ಲ.

ಆ ಮಾತು ಬಂದದ್ದು ಪಕ್ಕದ ಮಂಚದಿಂದ. ಅಲ್ಲಿ ಸೇಲಂ ಟೌನಿನ ಒಬ್ಬ ರಿಟೈರಾದ ಮನುಷ್ಯ ಮಲಗಿದ್ದ. ಅವನಿಗೂ ಎದೆಯದ್ದೇ ತೊಂದರೆ. "ಅಣ್ಣಾ, ಎಲ್ಲಾ ಆ ಹಳದಿ ಮಾಡೋದು. ಮೊಟ್ಟೆ ಹಳದಿ ಅಂದ್ರೆ ಬರೀ ಕೊಬ್ಬು. ಹೋಗಿ ನಾಳದಲ್ಲಿ ಕೂತ್ಕೊಳುತ್ತೆ" ಅಂದ. ನನ್ನ ಗಂಡನಿಗೆ ಡಾಕ್ಟರಮ್ಮ ಹೇಳಿದ್ದೆಲ್ಲ ಮರೆತುಹೋಯಿತು, ಇದೊಂದು ನಿಂತಿತು.

"ಓದಿರೋಳು ಯೋಳಿದ್ದು ಕೇಳ್ತೀಯೋ, ಪಕ್ಕದ ಮಂಚದೋನು ಯೋಳಿದ್ದು ಕೇಳ್ತೀಯೋ?" ಎಂದೆ.

"ಆಯಮ್ಮಂಗೆ ಏನು ನೋವು ಬಂದೈತೆ? ಅವನಿಗೆ ಬಂದೈತೆ. ಬಂದೋನ್ಗೆ ಗೊತ್ತಿರ್ತದೆ."

ಮಗ ಶಂಕಗಿರಿಯಲ್ಲಿ ಲಾರಿ ಆಫೀಸಿನಲ್ಲಿದ್ದಾನೆ. ಭಾನುವಾರ ಬರುತ್ತಾನೆ, ಉಳಿದ ದಿನ ಫೋನಿನಲ್ಲೇ ಯಜಮಾನಿಕೆ. ಅವನ ಫೋನಿಗೆ ಯಾರೋ ಏನೋ ಕಳಿಸಿದ್ದರಂತೆ, ಬಿಳಿ ತಿನ್ನಬಹುದು, ಹಳದಿ ತಿನ್ನಬಾರದು ಅಂತ. "ಅಪ್ಪಂಗೆ ದಿನಾ ಎರಡು ಮೊಟ್ಟೆ ಬೇಯಿಸಿ ಬಿಳಿ ಮಾತ್ರ ಕೊಡವ್ವಾ" ಎಂದು ಅಪ್ಪಣೆ ಕೊಟ್ಟ. ಸರಿ, ಬೇಯಿಸಿದೆ. ಬಿಳಿ ಅವನಿಗೆ ಕೊಟ್ಟೆ. ಹಳದಿ ಏನು ಮಾಡುವುದು?

ನಾನು ಹುಟ್ಟಿದ ಮನೆಯಲ್ಲಿ ಬೇಯಿಸಿದ ಮೊಟ್ಟೆಯನ್ನು ಚಾಕುವಿನಲ್ಲಿ ಕೊಯ್ಯುತ್ತಿರಲಿಲ್ಲ. ಚಾಕುವಿಗೆ ಹಳದಿ ಮೆತ್ತಿ ದಂಡವಾಗುತ್ತದೆ ಅಂತ ನಮ್ಮವ್ವ ಹೊಲಿಗೆ ದಾರದಲ್ಲಿ ಕೊಯ್ಯುತ್ತಿದ್ದಳು. ದಾರದ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ತುದಿ ಕೈಯಲ್ಲಿ. ನಾವು ಮಕ್ಕಳೆಲ್ಲ ಸುತ್ತ ಕೂತು ಯಾರ ಚೂರಿಗೆ ಹಳದಿ ಜಾಸ್ತಿ ಬಂತು ಅಂತ ಕಣ್ಣು ಬಿಟ್ಟು ನೋಡುತ್ತಿದ್ದೆವು. ದಾರಕ್ಕೆ ಹತ್ತಿದ್ದನ್ನು ಚೀಪಲು ಕೊನೆಯ ತಂಗಿಗೆ ಕೊಡುತ್ತಿದ್ದಳು. ಆ ಮನೆಯಿಂದ ಬಂದವಳು ನಾನು ಇಡೀ ಹಳದಿ ಉಂಡೆಯನ್ನು ನಾಯಿಗೆ ಹಾಕುತ್ತೇನೆಯೇ? ಅವನ ಎರಡೂ ಹಳದಿ ನಾನು ತಿಂದೆ, ನನ್ನ ಪಾಲಿನ ಮೊಟ್ಟೆಯನ್ನೂ ತಿಂದೆ. ಬೆಂದ ಹಳದಿ ಸುಮ್ಮನೆ ತಿಂದರೆ ಗಂಟಲಿಗೆ ಅಂಟುತ್ತದೆ. ಈರುಳ್ಳಿ, ಮೆಣಸಿನಪುಡಿ ಹಾಕಿ, ರೇಷನ್ನಿನ ಪಾಮಾಯಿಲ್ ಧಾರಾಳ ಸುರಿದು ಹುರಿದೆ. ರುಚಿ ಅಂದರೆ ರುಚಿ. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಮಧ್ಯದಲ್ಲಿ ಧರ್ಮಪುರಿಯಲ್ಲಿ ಅವನಿಗೆ ರಕ್ತ ತೋರಿಸಲು ಹೋದಾಗ ಸೊಸೆ, "ಅತ್ತೆ, ನಿಮ್ದೂ ಒಂದ್ಸಲ ನೋಡ್ಸಿಬುಡಿ" ಎಂದಳು. ಕೊಟ್ಟೆ. ನನ್ನ ರಕ್ತದಲ್ಲಿ ಕೊಬ್ಬು ಜಾಸ್ತಿ ಅಂತ ಬಂತು. ರಿಪೋರ್ಟು ಕೈಗೆ ಬರುವ ಹೊತ್ತಿಗೆ ಡಾಕ್ಟರ್ ಎದ್ದು ಹೋಗಿದ್ದರು, ನಮ್ಮ ಊರಿನ ಬಸ್ಸಿಗೂ ಹೊತ್ತಾಗಿತ್ತು. ಯಾರನ್ನೂ ಏನೂ ಕೇಳದೆ ಬಂದುಬಿಟ್ಟೆವು.

ಮಗ ಫೋನಿನಲ್ಲಿ ಕೂಗಾಡಿದ. "ನೋಡವ್ವಾ, ನಾನು ಯೋಳ್ಳಿಲ್ವಾ? ಇನ್ಮೇಲೆ ಮನೇಲಿ ಮೊಟ್ಟೆ ಮಾತೇ ಬ್ಯಾಡ."

ಸೊಸೆ ನಮ್ಮ ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತಾಳೆ. ನಮ್ಮ ಕಡೆ ಅದನ್ನು ಸತ್ತುಣವು ಅನ್ನುತ್ತಾರೆ. ಅನ್ನದ ಜೊತೆ ಮೊಟ್ಟೆ ಇರುತ್ತದೆ, ಗುಡ್ಡೆ ಗುಡ್ಡೆ ಮೊಟ್ಟೆ ಬೇಯಿಸಿ ಸುಲಿಯುವುದು ಅವಳ ಕೆಲಸ. ಅವಳು ಕೇಳಿದಳು, "ಅಲ್ಲ ಮಾವಾ, ಕೆಟ್ಟದ್ದಾದ್ರೆ ಗೌರ್ಮೆಂಟು ಎಳೇ ಮಕ್ಳಿಗೆ ಯಾಕೆ ಕೊಡ್ತದೆ? ಸಾಯ್ಲಿ ಅಂತಾನಾ?"

"ಅವು ತಿಂದು ಇಸ್ಕೂಲು ಸುತ್ತ ಓಡ್ತವೆ. ನಾನು ಓಡ್ತೀನಾ?" ಅಂದ ನನ್ನ ಗಂಡ. ಉತ್ತರ ಕೊಡುವುದರಲ್ಲಿ ಅವನು ಯಾವತ್ತೂ ಬಡವನಲ್ಲ.

ನನ್ನ ರಿಪೋರ್ಟು ಬಂದ ಮೇಲೆ ಅವನಿಗೆ ಹೆದರಿಕೆ ಹುಟ್ಟಿತು. ನನಗೂ ಎದೆ ಹಿಡಿದರೆ ತನಗೆ ಗಂಜಿ ಕಾಯಿಸುವವರು ಯಾರು ಅಂತ ಇರಬೇಕು. ಮುಂದಿನ ಅಮಾವಾಸ್ಯೆಗೆ ಊರಿನವರ ವ್ಯಾನಿನಲ್ಲಿ ಕೂತು ಮಾದಪ್ಪನ ಬೆಟ್ಟಕ್ಕೆ ಹೋದ. ನಮ್ಮ ಮನೆದೇವರು ಬೆಟ್ಟದ ಮಾದಪ್ಪ. ಜೀವದ ಮೇಲೆ ಬಂದಾಗ ಅವನ ಮುಂದೆ ನಿಂತು ಬಾಯಿಗೆ ಪ್ರಿಯವಾದ ಒಂದು ಪದಾರ್ಥವನ್ನು ಬಿಟ್ಟು ಬರುವುದು ನಮ್ಮವರ ಪದ್ಧತಿ. ನನ್ನ ಮಾವ ಹಲಸಿನ ಹಣ್ಣು ಬಿಟ್ಟಿದ್ದರು. ಹಲಸಿನ ಕಾಲದಲ್ಲಿ ಆ ಮನುಷ್ಯ ಹಿತ್ತಲಿಗೂ ಹೋಗುತ್ತಿರಲಿಲ್ಲ. ಅತ್ತೆ ಎಲೆಯಡಿಕೆ ಬಿಟ್ಟು, ಬರಿಬಾಯಿ ಮೆಲ್ಲುತ್ತಾ ಸತ್ತಳು. ಒಂದು ಸಲ ಬಿಟ್ಟರೆ ಬಿಟ್ಟಂತೆಯೇ.

ಸಂಜೆ ಹಣೆಗೆ ವಿಭೂತಿ ಬಳಿದುಕೊಂಡು ಬಂದು ಜಗಲಿಯ ಮೇಲೆ ಕೂತ.

"ಬುಟ್ಟು ಬಂದೆ ಕಣೇ."

"ಏನು ಬುಟ್ಟೆ?"

"ಮೊಟ್ಟೆ. ನಂದೂ ನಿಂದೂ ಸೇರ್ಸಿ ಬುಟ್ಟೆ."

"ನಂದು ಬುಡಾಕೆ ನೀನ್ಯಾರಯ್ಯಾ? ನನ್ನ ಬಾಯಿ ಐತೆ, ನನ್ನ ಕಾಲೈತೆ. ಬೇಕಾದ್ರೆ ನಾನೇ ಓಗಿ ಬುಡ್ತಿದ್ದೆ!"

"ಗಂಡ ಬುಟ್ರೆ ಎಂಡ್ತಿ ಬುಟ್ಟಂಗೇಯ" ಅಂದು ಪ್ರಸಾದ ಕೈಗೆ ಹಾಕಿದ.

ಕೋಪ ಬಂತು. ಆದರೆ ದೇವರ ಹೆಸರು ಬಂದ ಮೇಲೆ ನಾಲಿಗೆ ಹಿಂಜರಿಯುತ್ತದೆ. ಜೊತೆಗೆ ರಕ್ತದ ಭಯವೂ ಇತ್ತು. ನಾನೂ ನಿಲ್ಲಿಸಿದೆ. ಕೋಳಿಗಳು ಇಟ್ಟದ್ದನ್ನೆಲ್ಲ ಕಾವಿಗೆ ಇಟ್ಟೆ. ಅಂಗಳದ ತುಂಬ ಮರಿ.

ಅವನ ಊಟ ಗಂಜಿ, ರಸ, ಉಪ್ಪಿನಕಾಯಿಗೆ ಬಂದು ನಿಂತಿತು. ಕೋಳಿ ತಿನ್ನುವುದಿಲ್ಲ ಅಂದ, ಮೊಟ್ಟೆಯ ಅಮ್ಮನೇ ಅಲ್ಲವೇ ಅದು ಅಂತ. ಹುರುಳಿ ಕಟ್ಟಿನ ಸಾರು ಮಾಡಿದರೆ ಗ್ಯಾಸು. ಅವರೆಕಾಳು ಹಾಕಿದರೆ ಹಲ್ಲಿಲ್ಲ. ಹಾಲು ಕುಡಿದರೆ ಕಫ. ಟೀ ಅಂಗಡಿಯ ಬಜ್ಜಿ ಮಾತ್ರ ಹಲ್ಲಿಲ್ಲದ ಬಾಯಲ್ಲೂ ಕರಗುತ್ತಿತ್ತು. ಬಜ್ಜಿಯನ್ನು ಮಾದಪ್ಪನಿಗೆ ಬಿಟ್ಟಿರಲಿಲ್ಲವಲ್ಲ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ನಿಂತಿದ್ದ ಬೀಡಿಯೂ ಯಾವಾಗಲೋ ಸದ್ದಿಲ್ಲದೆ ಕೊಟ್ಟಿಗೆಯ ಹಿಂದಕ್ಕೆ ವಾಪಸು ಬಂದಿತ್ತು.

ಮನುಷ್ಯ ಇಳಿದುಹೋದ. ತೊಡೆ ನನ್ನ ತೋಳಿನಷ್ಟಾಯಿತು. ಲುಂಗಿ ಸೊಂಟದಲ್ಲಿ ನಿಲ್ಲದೆ ಮೇಲೆ ಬೆಲ್ಟು ಕಟ್ಟಿಕೊಂಡ. ಮಂಚದಿಂದ ಏಳಬೇಕಾದರೆ ಕಿಟಕಿಯ ಸರಳು ಹಿಡಿಯಬೇಕಿತ್ತು. ಒಂದು ಬೆಳಿಗ್ಗೆ ಹಸು ಬಿಚ್ಚಲು ಹೋದವನನ್ನು ಹಸು ಎಳೆಯಿತು ನೋಡಿ, ತಿಪ್ಪೆಯ ಪಕ್ಕ ಕೂತವನು ಕೂತೇ ಇದ್ದ. ಉಸಿರು ಮೇಲೆ ಕೆಳಗೆ, ಹಣೆಯಲ್ಲಿ ಟೊಮ್ಯಾಟೊ ದಿನದ ಹಾಗೆಯೇ ಬೆವರು. ನಾನೂ ಸೊಸೆಯೂ ಕಂಕುಳಿಗೆ ಕೈ ಹಾಕಿ ಎತ್ತಿದೆವು. ಭಾರವೇ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆ ಆದದ್ದು. ಮೊದಲು ಈ ಮನುಷ್ಯನನ್ನು ಎತ್ತಬೇಕಾದರೆ ಊರೇ ಬೇಕಿತ್ತು.

ಆಸ್ಪತ್ರೆಗೆ ಹೊರಡಿಸಲು ಸೊಸೆ ಮಾತ್ರೆಯ ಚೀಲ ತೆಗೆದಳು. ತೆಗೆದವಳು ಬಾಗಿಲಲ್ಲೇ ನಿಂತಳು.

"ಅತ್ತೆ, ಇದೇನು? ಮಾತ್ರೆಯೆಲ್ಲಾ ಅಂಗೇ ಐತೆ!"

ಚೀಲ ತುಂಬ ಮಾತ್ರೆಯ ಪಟ್ಟಿ, ಒಂದೂ ಒಡೆದಿರಲಿಲ್ಲ. ಮುದುಕನ ಕಡೆ ತಿರುಗಿದೆ. ಅವನು ಗೋಡೆ ನೋಡಿದ.

"ಯಾವತ್ತಿಂದ ನುಂಗಿಲ್ಲ?"

"ಬೆಟ್ಟಕ್ಕೆ ಓಗಿ ಬಂದಾಗ್ಲಿಂದ."

"ಯಾಕಯ್ಯಾ?"

"ಮಾದಪ್ಪಂಗೆ ಒಪ್ಸಿದ್ಮೇಲೆ ಮಾತ್ರೆ ಯಾಕೆ? ಅತ್ಲಾಗೆ ಒಂದು ಕಾಲು ಇತ್ಲಾಗೆ ಒಂದು ಕಾಲು ಇಟ್ರೆ ದೇವರು ಒಪ್ಪಾಕಿಲ್ಲ. ಮೊಟ್ಟೆ ಕೊಟ್ಟಿವ್ನಿ, ಎದೆ ಅವನು ನೋಡ್ಕೋತಾನೆ."

ನನಗೆ ಆಗ ತಿಳಿಯಿತು. ಪಕ್ಕದ ಮಂಚದವನು ಹೇಳಿದ ಪಥ್ಯವನ್ನು ಇವನು ಹರಕೆ ಮಾಡಿಕೊಂಡಿದ್ದ. ಮೊಟ್ಟೆ ಬಿಟ್ಟದ್ದೇ ಔಷಧಿ, ಉಳಿದದ್ದೆಲ್ಲ ಮಾಫಿ ಅಂತ ಲೆಕ್ಕ. ಬೀಡಿಯೂ ಮಾಫಿ, ಬಜ್ಜಿಯೂ ಮಾಫಿ, ಮಾತ್ರೆಯೂ ಮಾಫಿ. ಹೀಗೇ ಬಿಟ್ಟರೆ ಇವನು ಸಾಯುತ್ತಾನೆ ಅಂತ ಗೊತ್ತಾಯಿತು. ಬಿಡಬಾರದು ಅಂತ ಆ ನಿಮಿಷದಲ್ಲೇ ಗಟ್ಟಿ ಮಾಡಿಕೊಂಡೆ.

ಸೇಲಂನ ಅದೇ ಡಾಕ್ಟರಮ್ಮನ ಹತ್ತಿರ ಹೋದೆವು. ನೋಡಿದಳು, ಅವನನ್ನು ವಾರ್ಡಿಗೆ ಹಾಕಿಸಿಕೊಂಡಳು, ನಿಂತಿದ್ದ ಮಾತ್ರೆ ತಾನೇ ಶುರು ಮಾಡಿಸಿದಳು. ಸ್ಪ್ರಿಂಗ್ ಇಟ್ಟ ಮೇಲೆ ತಾವಾಗಿ ಮಾತ್ರೆ ನಿಲ್ಲಿಸುವುದು ಅಂದರೆ ಓಡುವ ಲಾರಿಯ ಬ್ರೇಕು ತಾವೇ ಕಿತ್ತು ಹಾಕಿದ ಹಾಗೆ ಎಂದು ಬೈದಳು. ಅವನಿಗೆ ಅರ್ಥವಾಗಲಿ ಅಂತಲೇ ಹಾಗೆ ಹೇಳಿದಳು.

ಈ ಸಲ ನಾನು ಬಸ್ಸಿನ ಹೊತ್ತು ನೋಡಲಿಲ್ಲ. ಆಕೆ ರೌಂಡ್ಸ್ ಮುಗಿಸಿ ಹೊರಡುವಾಗ ಬಾಗಿಲಿಗೆ ಅಡ್ಡ ನಿಂತೆ.

"ಡಾಕ್ಟರಮ್ಮಾ, ಒಂದು ಮಾತು. ಮೊಟ್ಟೆ ಒಳ್ಳೇದಾ, ಕೆಟ್ಟದ್ದಾ? ನೇರವಾಗಿ ಯೋಳಿಬುಡಿ. ನಮ್ಮ ಮನೆಯಲ್ಲಿ ಇದೇ ಜಗಳ."

ಆಕೆ ಕುರ್ಚಿ ಎಳೆದು ಕೂತಳು. "ಪಾಟಿ, ಎನ್ನ ಸಾಪ್ಡ್ರೀಂಗ?" ಅಂದರೆ, ಅಜ್ಜೀ, ಏನು ತಿಂತೀರಿ ಅಂತ. ಮೊಟ್ಟೆಯ ಮಾತು ಕೇಳಿದರೆ ಊಟದ ಮಾತು ಕೇಳುತ್ತಾಳಲ್ಲ ಅಂದುಕೊಂಡೆ. ನನ್ನ ಊಟ ಹೇಳಿದೆ, ಅವನ ಊಟ ಹೇಳಿದೆ. ನನ್ನ ರಿಪೋರ್ಟಿನ ಕಥೆ ಹೇಳಿದೆ. ಬಿಳಿ ಅವನಿಗೆ, ಹಳದಿ ನನಗೆ ಅಂತ ಹೇಳಿದಾಗ ಪಕ್ಕದಲ್ಲಿದ್ದ ನರ್ಸು ನಕ್ಕಳು. ಪಾಮಾಯಿಲ್‌ನಲ್ಲಿ ಹುರಿದೆ ಅಂದಾಗ ಡಾಕ್ಟರಮ್ಮ ನಗಲಿಲ್ಲ.

"ಎಷ್ಟು ಎಣ್ಣೆ ಹಾಕ್ತೀರಿ?"

"ಬಾಣಲೆ ಕೇಳೋಷ್ಟು."

"ಬಾಣಲೆ ಎಷ್ಟು ಬೇಕಾದ್ರೂ ಕೇಳುತ್ತೆ ಪಾಟಿ" ಎಂದಳು.

ಆಮೇಲೆ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ರಕ್ತದ ಕೊಬ್ಬಿನಲ್ಲಿ ಬಹಳ ಪಾಲು ನಮ್ಮ ಮೈಯೇ ಮಾಡಿಕೊಳ್ಳುವುದಂತೆ. ಮೊಟ್ಟೆಯ ಹಳದಿಗಿಂತ ಇಂಥಾ ಎಣ್ಣೆ, ಕರಿದದ್ದು, ಕೂತು ತಿನ್ನುವುದು ಅದನ್ನು ಹೆಚ್ಚು ಏರಿಸುತ್ತವಂತೆ. ಬಹಳ ಜನಕ್ಕೆ ದಿನಕ್ಕೊಂದು ಮೊಟ್ಟೆ ಏನೂ ಮಾಡುವುದಿಲ್ಲ, ಒಳ್ಳೆಯದೇ. ಸಕ್ಕರೆ ಕಾಯಿಲೆ, ಎದೆಯ ಕಾಯಿಲೆ ಇರುವವರು ಅಳತೆ ಇಟ್ಟುಕೊಂಡು, ಡಾಕ್ಟರನ್ನು ಕೇಳಿ ತಿನ್ನಬೇಕು. ನನ್ನ ಹಾಗೆ ದಿನಾ ಮೂರು ಹಳದಿ ಹುರಿದು ತಿನ್ನುವವರು ಬೈಸಿಕೊಳ್ಳಬೇಕು. ನನಗೂ ಒಂದು ಮಾತ್ರೆ ಬರೆದಳು, ಎಣ್ಣೆ ನಿಲ್ಲಿಸು, ವಾರದಲ್ಲಿ ಮೂರು ನಾಲ್ಕು ಮೊಟ್ಟೆ ಬೇಯಿಸಿ ತಿನ್ನು ಅಂದಳು. ಅವನಿಗೂ ಅದೇ ಅಳತೆ, ಹಳದಿ ಸಮೇತ. "ತಾತನ ಮೈಯಲ್ಲಿ ಮಾಂಸವೇ ಇಲ್ಲ. ಬೇಳೆ, ಕಾಳು, ಮೀನು ಏನಾದ್ರೂ ಕೊಡಿ. ಅವೆಲ್ಲಾ ಬೇಡ ಅಂದ್ರೆ ಮೊಟ್ಟೆ ಕೊಡಿ, ಅಗಿಯೋ ಕಷ್ಟ ಇಲ್ಲ. ಆದ್ರೆ ಬೀಡಿ ಸೇದ್ಕೊಂಡು ಮೊಟ್ಟೆ ಬಿಡೋದು ಬೇಡ ಅಂತ ಹೇಳಿ."

ಮೀನು ಅಂದಾಗ ಅವನು ಮುಖ ಸಿಂಡರಿಸಿದ. ಉಳಿದದ್ದು ಮೊಟ್ಟೆ.

ಮನೆಗೆ ಬಂದ ದಿನ ಒಂದು ಬೇಯಿಸಿ ಮುಂದಿಟ್ಟೆ. ತಟ್ಟೆ ತಳ್ಳಿದ. "ಆಯಮ್ಮಂಗೆ ಮಾದಪ್ಪ ಗೊತ್ತಾ? ಅರಕೆ ಮುರಿದ್ರೆ ಅವ ಬುಡ್ತಾನಾ?" ಮಾತ್ರೆಗೂ ಬಾಯಿ ಬಿಗಿಹಿಡಿದ. ಸೊಸೆ ಅತ್ತಳು. ಮಗ ಫೋನಿನಲ್ಲಿ, "ಅಪ್ಪಾ, ಯಾಕಪ್ಪಾ ಇಂಗ್ ಮಾಡ್ತೀಯ" ಅಂತ ಮೊದಲ ಸಲ ಯಜಮಾನಿಕೆ ಬಿಟ್ಟು ಮಾತಾಡಿದ. ಮುದುಕ ಕರಗಲಿಲ್ಲ.

ನಾನು ಅಳಲಿಲ್ಲ. ಅಳುವುದರಿಂದ ಯಾರೂ ಮಾತ್ರೆ ನುಂಗುವುದಿಲ್ಲ. ಅವನು ಮೊಂಡುತನ ಮಾಡುತ್ತಿಲ್ಲ, ನಿಜವಾಗಿ ಹೆದರಿದ್ದಾನೆ ಅಂತ ನನಗೆ ಗೊತ್ತಿತ್ತು. ಡಾಕ್ಟರನ್ನು ಎದುರು ಹಾಕಿಕೊಂಡರೆ ಬೈಗುಳ, ಮಾದಪ್ಪನನ್ನು ಎದುರು ಹಾಕಿಕೊಂಡರೆ ಮನೆಮಠಕ್ಕೆ ಕೇಡು. ನನಗೂ ಆ ಭಯ ಇಲ್ಲ ಅಂತ ಹೇಳಲಾರೆ. ಹಾಗಾದರೆ ದೇವರ ಜೊತೆಯಲ್ಲೇ ಮಾತಾಡಿ ಮುಗಿಸಬೇಕು. ಆದರೆ ಯಾವ ಮುಖ ಇಟ್ಟುಕೊಂಡು, ಏನಂತ?

ಮಾರನೇ ದಿನ ಸಗಣಿ ಎತ್ತುವಾಗ ಕೊಟ್ಟಿಗೆಯ ಹಿಂದಿನಿಂದ ಹೊಗೆ ಬಂತು. ಆಸ್ಪತ್ರೆಯಿಂದ ಬಂದು ಒಂದು ದಿನ ಕಳೆದಿಲ್ಲ, ಗೋಡೆ ಹಿಡಿದುಕೊಂಡು ನಿಂತು ಬೀಡಿ ಸೇದುತ್ತಿದ್ದಾನೆ! ಮೊದಲು ಮೈ ಉರಿಯಿತು. ಆಮೇಲೆ ತಲೆಗೆ ಹೊಳೆಯಿತು. ಸಗಣಿ ಕೈಯಲ್ಲೇ ಅವನ ಮುಂದೆ ಹೋಗಿ ನಿಂತೆ.

"ಒಂದು ಮಾತು ಕೇಳ್ತೀನಿ. ಮಾದಪ್ಪಂಗೆ ಏನು ಬುಡ್ಬೇಕು? ಇಷ್ಟ ಇರೋದೋ, ಇಷ್ಟ ಇಲ್ದಿರೋದೋ?"

"ಇಷ್ಟ ಇರೋದು. ಅದೇನು ಕೇಳ್ತೀಯ?"

"ನಿಮ್ಮಪ್ಪ ಅಲಸಿನಣ್ಣು ಬುಟ್ಟ. ಬಾಯಲ್ಲಿ ನೀರು ಸುರ್ಸಿಕೊಂಡು ಬುಟ್ಟ. ನೀನು ಯಾವತ್ತಾದ್ರೂ ನನ್ನ ಅತ್ರ ಬಂದು ಮೊಟ್ಟೆ ಮಾಡ್ಕೊಡು ಅಂತ ಕೇಳಿದ್ದೀಯಾ? ಆ ನಾತ ಕುಡ್ದೂ ಕುಡ್ದೂ ಸಾಕಾಗೈತೆ ಅಂತಿದ್ದೋನು ನೀನು. ಬೇಕಿಲ್ದೇ ಇದ್ದಿದ್ದನ್ನ ತಕ್ಕೊಂಡೋಗಿ ದೇವರ ಕೈಗೆ ಇಟ್ಟು ಬಂದಿದ್ದೀಯ. ಬೇಕಾದ್ದು ಇಲ್ಲಿ ನಿಂತು ಸೇದ್ತಾ ಇದ್ದೀಯ. ಡಾಕ್ಟ್ರನ್ನ ಏಮಾರ್ಸಿದೆ, ನನ್ನ ಏಮಾರ್ಸಿದೆ, ಓಗ್ಲಿ. ಮಾದಪ್ಪನ್ನೂ ಏಮಾರ್ಸಿಬುಟ್ಟೆಯಲ್ಲೋ!"

ಬೀಡಿ ಅವನ ಬೆರಳಲ್ಲೇ ಉರಿದು ಬೆರಳು ಸುಟ್ಟಿತು. ಕೊಡವಿದ. ಇಷ್ಟು ವರ್ಷದ ಸಂಸಾರದಲ್ಲಿ ಅವನಿಗೆ ಉತ್ತರ ಸಿಗದೆ ಹೋದದ್ದನ್ನು ನಾನು ಅವತ್ತೇ ನೋಡಿದ್ದು.

ಸಂಜೆ ತಾನಾಗಿ ಬಂದು ಕೂತ. "ಈಗೇನ್ಮಾಡೋದು?"

"ಬೆಟ್ಟಕ್ಕೆ ಓಗೋದು. ಮೊಟ್ಟೆ ವಾಪಸ್ ಇಸ್ಕೊಂಡು ಬೀಡಿ ಕೊಟ್ಟು ಬರೋದು. ನಂದೂ ಇಸ್ಕೊಂಡು ಬಾ, ಕೇಳ್ದೆ ಕೊಟ್ಟಿದ್ದೀಯಲ್ಲ."

"ದೇವರು ವಾಪಸ್ ಕೊಡ್ತಾನಾ?"

"ಕೇಳಿದ್ರೆ ತಾನೇ ಗೊತ್ತಾಗೋದು? ಅಲ್ಲಿವರ್ಗೂ ಬದುಕಿರ್ಬೇಕು, ಮಾತ್ರೆ ನುಂಗು."

"ಬೆಟ್ಟಕ್ಕೆ ಓಗೋಗಂಟ ನುಂಗ್ತೀನಿ. ಆಮೇಕೆ ಅವನು ಯೋಳ್ದಂಗೆ" ಅಂತ ಒಪ್ಪಿದ. ಒಂದೊಂದು ಮಾತ್ರೆಯನ್ನೂ ನಾನೇ ಅಂಗೈಗೆ ಹಾಕಿ, ನೀರು ಕೊಟ್ಟು, ನಾಲಿಗೆ ಎತ್ತಿಸಿ ನೋಡಿದೆ. ಪ್ರಯಾಣ ಮಾಡಬಹುದು ಅಂತ ಡಾಕ್ಟರಮ್ಮ ಹೇಳುವವರೆಗೂ ಕಾದೆವು. ಅಲ್ಲಿಯತನಕ ಮೊಟ್ಟೆ ಮುಟ್ಟಿಸಲು ನನ್ನ ಕೈಯಲ್ಲೂ ಆಗಲಿಲ್ಲ. ಬೇಳೆಯನ್ನು ನುಣ್ಣಗೆ ಕಡೆದು ಗಂಜಿಗೆ ಬೆರೆಸಿ, ಗಂಜಿಯೇ ಗಟ್ಟಿಯಾಗಿದೆ ಅಂತ ಸುಳ್ಳು ಹೇಳಿ ಕುಡಿಸಿದೆ.

ಒಂದು ಭಾನುವಾರ ಹಸು, ಕೋಳಿ ನೋಡಿಕೊಳ್ಳಲು ಮಗನನ್ನು ಮನೆಯಲ್ಲಿ ಬಿಟ್ಟು, ನಾನು, ಅವನು, ಸೊಸೆ ಹೊರಟೆವು. ಧರ್ಮಪುರಿ, ಪೆನ್ನಾಗರ, ಮೇಟ್ಟೂರು ಅಂತ ಬಸ್ಸು ಬದಲಾಯಿಸಿ, ಅಲ್ಲಿಂದ ಬೆಟ್ಟದ ಬಸ್ಸು. ತಿರುವಿನಲ್ಲಿ ಡ್ರೈವರು ಜೋರಾಗಿ ಹೊಡೆದಾಗ ಮುದುಕ ಹಿಂದಿನಿಂದ, "ಲೇ, ಮೆತ್ತುಗೆ ಓಡ್ಸಲಾ, ಎದೇಲಿ ಸಾಮಾನು ಐತೆ" ಅಂತ ಕೂಗಿದ. ಬಸ್ಸೆಲ್ಲ ನಕ್ಕಿತು. ನನಗೆ ಜೀವ ಬಂದ ಹಾಗಾಯಿತು.

ಮೇಲೆ ಜನವೋ ಜನ. ಕ್ಯೂನಲ್ಲಿ ಅವನನ್ನು ನಡುವೆ ಇಟ್ಟುಕೊಂಡು ತಳ್ಳಿಕೊಂಡು ಹೋದೆವು. ಪೂಜೆ ಮಾಡುವ ತಮ್ಮಡಿಯ ಮುಂದೆ ಬಂದಾಗ ಕೇಳಬೇಕಾದವನು ನನ್ನ ಹಿಂದಕ್ಕೆ ಸರಿದ. ನಾನೇ ಕೇಳಿದೆ. "ಸ್ವಾಮೀ, ಇವನು ಮೊಟ್ಟೆ ಬುಟ್ಟಿದ್ದ. ಈಗ ಡಾಕ್ಟ್ರು ತಿನ್ನು ಅಂತಾರೆ. ಬ್ಯಾರೆ ಬುಟ್ಟು ಅದನ್ನ ಇಸ್ಕೋಬೋದಾ?"

ತಮ್ಮಡಿ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಬುಟ್ಟಿದ್ದಕ್ಕಿಂತ ದೊಡ್ಡದು ಬುಟ್ರೆ ಮಾದಪ್ಪ ಬ್ಯಾಡ ಅಂತಾನಾ? ಬಿರ್ರನೆ ಬುಟ್ಟು ಮುಂದಕ್ಕೆ ನಡೀರಿ, ಜನ ನಿಂತೈತೆ."

ಮುದುಕ ಕಣ್ಣು ಮುಚ್ಚಿದ. "ಮಾದಪ್ಪಾ, ಬಜ್ಜಿ ಬುಡ್ತೀನಿ" ಅಂದ.

"ದೊಡ್ಡದು ಅಂದ್ರು ಕಣಯ್ಯಾ" ಎಂದೆ.

"ಬೋಂಡಾನೂ ಬುಡ್ತೀನಿ."

ಹಿಂದಿನಿಂದ ಒಬ್ಬ ತಮಿಳಿನವನು, "ತಾತಾ, ಸೀಕ್ರಂ", ಬೇಗ ಆಗಲಿ ಅಂತ ಬೆನ್ನು ತಳ್ಳಿದ. ನಾನು ಜಾಗ ಬಿಡಲಿಲ್ಲ. ಕಂಬ ಹಿಡಿದು ನಿಂತೆ. ದೊಡ್ಡದು ಬಿಡಿಸದೆ ನಾನು ಕದಲುವವಳಲ್ಲ ಅಂತ ಮುದುಕನಿಗೂ ಗೊತ್ತು. ಕೊನೆಗೆ ಬಹಳ ಸಣ್ಣ ದನಿಯಲ್ಲಿ ಹೇಳಿದ. "ಬೀಡಿ ಬುಟ್ಟೆ ಸ್ವಾಮೀ. ಮೊಟ್ಟೆ ಕೊಟ್ಟುಬುಡು. ಅವಳ್ದೂ."

ಹೊರಗೆ ಬಂದು ಜೇಬಿನಲ್ಲಿದ್ದ ಬೀಡಿ ಕಟ್ಟು, ಬೆಂಕಿಪೊಟ್ಟಣ ತೆಗೆದು ಸೊಸೆಯ ಕೈಗೆ ಕೊಟ್ಟ. ಅವಳು ಕಸದ ಡಬ್ಬಕ್ಕೆ ಹಾಕಿದಳು. ಎರಡು ಹೆಜ್ಜೆ ಬಂದವನು ನಿಂತ. ಲುಂಗಿಯ ಮಡಿಕೆಯಿಂದ ಇನ್ನೊಂದು ಕಟ್ಟು ತೆಗೆದ. ಯಾರ ಮುಖವನ್ನೂ ನೋಡದೆ ತಾನೇ ಹೋಗಿ ಹಾಕಿ ಬಂದ. ಕೆಲವು ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಅಂತ ನನಗೂ ಗೊತ್ತು.

ಮನೆಗೆ ಬಂದ ಮೇಲೆ ಮೊಟ್ಟೆ ಬೇಯಿಸಿದೆ. ಅವನು ತಿಂದ. "ಉಪ್ಪಿಲ್ಲ" ಅಂದ. "ಇರಾಕಿಲ್ಲ" ಅಂದೆ. ಮಾತ್ರೆ ನುಂಗಿದ. ಬೀಡಿ ಇಲ್ಲದ ಮೊದಲ ವಾರಗಳಲ್ಲಿ ಹಸುವಿನ ಮೇಲೆ, ಕೋಳಿಯ ಮೇಲೆ, ನನ್ನ ಮೇಲೆ ಹಾರಾಡಿದ. ಸೊಸೆ ಶಾಲೆಯಲ್ಲಿ ಹೊತ್ತು ಕಳೆದು ನಿಧಾನ ಬರತೊಡಗಿದಳು. ನಾನು ಎಲ್ಲಿಗೆ ಹೋಗಲಿ? ಅವನು ಕೂಗಿದರೆ ನಾನೂ ಕೂಗಿದೆ. ಈಗ ಕಿಟಕಿಯ ಸರಳು ಹಿಡಿಯದೆ ಏಳುತ್ತಾನೆ. ಲುಂಗಿಗೆ ಬೆಲ್ಟು ಇನ್ನೂ ಬೇಕು. ನನ್ನ ರಕ್ತ ಮತ್ತೆ ತೋರಿಸಬೇಕು, ಇಳಿದಿದೆಯೋ ಇಲ್ಲವೋ ತಿಳಿಯದು. ಎಣ್ಣೆ ಸುರಿಯುವುದನ್ನಂತೂ ನಿಲ್ಲಿಸಿದ್ದೇನೆ. ಬಾಣಲೆ ಕೇಳಿದರೆ ಕೇಳಲಿ.

ಊರಿನ ಹೆಂಗಸರು ಈಗ ನನ್ನನ್ನು ಕೇಳುತ್ತಾರೆ, ಅಜ್ಜೀ, ಮೊಟ್ಟೆ ತಿನ್ನಬಹುದಾ ಅಂತ. ನೀನು ಜೊತೆಗೆ ಏನು ತಿಂತೀಯ, ನಿನ್ನ ಗಂಡ ಏನು ಸೇದ್ತಾನೆ, ಮಾತ್ರೆ ನುಂಗ್ತಾನಾ, ಡಾಕ್ಟರನ್ನು ಕೇಳಿದ್ದೀಯಾ, ಮೊದಲು ಅದು ಹೇಳು ಅನ್ನುತ್ತೇನೆ. ಅರ್ಧ ಜನ ಅಲ್ಲಿಗೇ ಎದ್ದು ಹೋಗುತ್ತಾರೆ.

ದಿನಾ ಸಂಜೆ ಅವನು ಟೀ ಅಂಗಡಿಯವರೆಗೆ ನಡೆದು ಹೋಗುತ್ತಾನೆ. ನಡೆಯಬೇಕು ಅಂತ ಡಾಕ್ಟರಮ್ಮ ಹೇಳಿದ್ದಾಳೆ, ಬೇಡ ಅನ್ನುವ ಹಾಗಿಲ್ಲ. ಅಲ್ಲಿ ಬೆಂಚಿನ ತುಂಬ ಬೀಡಿ ಸೇದುವವರು, ಅದೂ ನನಗೆ ಗೊತ್ತು. ಅವನು ವಾಪಸು ಬರುವಾಗ ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ.

"ಬಾಯಿ ಬುಡು."

"ಥೂ, ಜನ ನೋಡ್ತಾರೆ ಕಣೇ."

"ನೋಡ್ಲಿ. ಬುಡು."

ಬಾಯಿ ಬಿಡುತ್ತಾನೆ. ಮೂಸಿ ನೋಡಿ, ಆಮೇಲೆ ಒಳಗೆ ಬಿಡುತ್ತೇನೆ.